ಆಳುವವರಿಗೆ ಕೆಂಪು ಹಾಸು, ಓದುವವರಿಗೆ ಮುಚ್ಚಿದ ಬಾಗಿಲು

2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ಆಡಳಿತದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದು ಹೋದರು. ಅದೇ ತಿಂಗಳು ಕಾಬೂಲ್‌ನ ನಮ್ಮ ತಾಂತ್ರಿಕ ಕಚೇರಿ ಮತ್ತೆ ರಾಯಭಾರ ಕಚೇರಿಯಾಯಿತು. ಕಾಬೂಲನ್ನು ಆಳುತ್ತಿರುವವರೊಡನೆ ಮಾತನಾಡುವುದು ಭಾರತಕ್ಕೆ ಅನಿವಾರ್ಯ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ದೇಶದ ಜನರನ್ನು ಭಾರತ ಈ ವರ್ಷಗಳಲ್ಲಿ ನಡೆಸಿಕೊಂಡ ರೀತಿಯನ್ನು ಒಪ್ಪಲಾಗದು.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ಹತ್ತು ದಿನಗಳಲ್ಲಿ ನಮ್ಮ ಗೃಹ ಸಚಿವಾಲಯ, ಭಾರತದ ಹೊರಗಿದ್ದ ಎಲ್ಲ ಅಫ್ಗನ್ನರ ವೀಸಾಗಳನ್ನು ಒಂದೇ ಏಟಿಗೆ ಅಸಿಂಧುಗೊಳಿಸಿತು. ಕೆಲವು ಪಾಸ್‌ಪೋರ್ಟ್‌ಗಳು ಕೈತಪ್ಪಿವೆ ಎಂಬ ವರದಿಗಳು ಅದಕ್ಕೆ ಕೊಟ್ಟ ಕಾರಣ. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅರ್ಧ ಪದವಿ ಹೊತ್ತು ಅಲ್ಲೇ ಉಳಿದರು. ಅವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅನುಮಾನವಿದ್ದರೆ ಒಬ್ಬೊಬ್ಬರ ದಾಖಲೆ ಪರಿಶೀಲಿಸಬಹುದಿತ್ತು. ಕಾಲೇಜುಗಳ ಹಾಜರಿ ಪುಸ್ತಕದಲ್ಲೇ ಅವರ ಹೆಸರುಗಳಿದ್ದವು. ವಿದ್ಯಾರ್ಥಿಗಳಿಗೆ, ರೋಗಿಗಳಿಗೆ ಅರ್ಜಿಯ ದಾರಿ ಮತ್ತೆ ತೆರೆದದ್ದು 2025ರಲ್ಲಿ. ಅಷ್ಟರಲ್ಲಿ ಒಂದು ಇಡೀ ಪದವಿಯ ಅವಧಿ ಕಳೆದುಹೋಗಿತ್ತು.

ಮುನ್ನೂರು ಕೋಟಿ ಡಾಲರ್ ನೆರವು, ಹೆರಾತ್‌ನ ಸಲ್ಮಾ ಅಣೆಕಟ್ಟು, ಕಾಬೂಲ್‌ನ ಸಂಸತ್ ಭವನ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಸಂಸತ್ ಭವನದಲ್ಲಿ ಇಂದು ಚುನಾಯಿತರು ಯಾರೂ ಇಲ್ಲ. ಭಾರತ ಗಳಿಸಿದ ನಿಜವಾದ ವಿಶ್ವಾಸ ದೆಹಲಿಯ ಆಸ್ಪತ್ರೆಗಳಲ್ಲಿ, ಬೆಂಗಳೂರು ಮೈಸೂರುಗಳ ತರಗತಿಗಳಲ್ಲಿ ಹುಟ್ಟಿದ್ದು. ಅಫ್ಗಾನಿಸ್ತಾನ ತನ್ನ ಮೊದಲ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್‌ನಲ್ಲಿ. ಎರಡೇ ದಿನಗಳಲ್ಲಿ ಸೋತ ಆ ತಂಡವನ್ನು ಟ್ರೋಫಿಯ ಜೊತೆ ಫೋಟೊಗೆ ಕರೆದವರು ನಮ್ಮ ನಾಯಕ ಅಜಿಂಕ್ಯ ರಹಾನೆ. ಯಾವ ಒಪ್ಪಂದವೂ ಕೊಡಲಾರದ ಗೌರವ ಅದು.

ಈಗ ಅಲ್ಲಿನ ದಿನನಿತ್ಯದ ಬದುಕು ನೋಡಿ. ಆರನೇ ತರಗತಿಯ ನಂತರ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಕೊನೆಗೆ ಸೂಲಗಿತ್ತಿ ತರಬೇತಿಗೂ ತಡೆ ಬಿತ್ತು. ವೈದ್ಯೆಯರು ತಯಾರಾಗದ ದೇಶದಲ್ಲಿ ನಾಳೆ ಹೆರಿಗೆ ಮಾಡಿಸುವವರು ಯಾರು? ಆನ್‌ಲೈನ್ ಶಿಕ್ಷಣ ಸಾಕು ಎನ್ನುವವರು, 2025ರ ಸೆಪ್ಟೆಂಬರ್ ಕೊನೆಯಲ್ಲಿ ತಾಲಿಬಾನ್ ಇಡೀ ದೇಶದ ಇಂಟರ್‌ನೆಟ್ಟನ್ನೇ ಸುಮಾರು ಎರಡು ದಿನ ನಿಲ್ಲಿಸಿದ್ದನ್ನು ಮರೆಯಬಾರದು.

ವೀಸಾ ಕೊಟ್ಟರಷ್ಟೇ ಸಾಲದು ಎಂಬುದೂ ನಿಜ. 2023ರಲ್ಲಿ ದುಬೈಗೆ ವಿದ್ಯಾರ್ಥಿವೇತನದ ಮೇಲೆ ಹೊರಟಿದ್ದ ಹೆಣ್ಣುಮಕ್ಕಳನ್ನು ಕಾಬೂಲ್ ವಿಮಾನ ನಿಲ್ದಾಣದಲ್ಲೇ ತಡೆಯಲಾಯಿತು. ಆದ್ದರಿಂದಲೇ ದೆಹಲಿಯ ಮಾತುಕತೆ ನಡೆಯುವಾಗ ಹೆಣ್ಣುಮಕ್ಕಳನ್ನು ಓದಲು ಹೊರಗೆ ಬಿಡುವ ಪ್ರಶ್ನೆ ಮೇಜಿನ ಮೇಲಿರಬೇಕು. ಮಾನ್ಯತೆಗಾಗಿ ಹಂಬಲಿಸುತ್ತಿರುವವರ ಬಳಿ ಕೇಳುವ ಶಕ್ತಿ ಭಾರತಕ್ಕಿದೆ. ಆದರೆ ಮುತ್ತಕಿಯವರ ಮೊದಲ ಪತ್ರಿಕಾಗೋಷ್ಠಿಗೆ, ನಮ್ಮದೇ ರಾಜಧಾನಿಯಲ್ಲಿ, ಪತ್ರಕರ್ತೆಯರಿಗೆ ಪ್ರವೇಶ ಸಿಗಲಿಲ್ಲ. ಅದರಲ್ಲಿ ತನ್ನ ಪಾತ್ರವಿಲ್ಲ ಎಂದು ವಿದೇಶಾಂಗ ಸಚಿವಾಲಯ ಕೈತೊಳೆದುಕೊಂಡಿತು. ಪ್ರತಿಭಟನೆಯ ಬಳಿಕ ಎರಡನೇ ಗೋಷ್ಠಿಗೆ ಅವರನ್ನು ಕರೆಯಲಾಯಿತು. ಒತ್ತಾಯಿಸಿದರೆ ತಾಲಿಬಾನ್ ಬಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2021ರ ವೀಸಾ ಆದೇಶ ಅನ್ಯಾಯದ್ದು. ಅದರಿಂದ ಓದು ನಿಂತವರನ್ನು ಹೊಸ ಅರ್ಜಿದಾರರಂತೆ ಸಾಲಿನಲ್ಲಿ ನಿಲ್ಲಿಸದೆ, ಬಿಟ್ಟ ಸೆಮಿಸ್ಟರ್‌ನಿಂದಲೇ ಮುಂದುವರಿಯಲು ಬಿಡಬೇಕು. ವಿದ್ಯಾರ್ಥಿನಿಯ ಜೊತೆ ಬರುವ ತಂದೆಗೋ ಸಹೋದರನಿಗೋ ವೀಸಾ ಕೊಡಬೇಕು, ಏಕೆಂದರೆ ಒಂಟಿಯಾಗಿ ವಿಮಾನ ಹತ್ತಲು ತಾಲಿಬಾನ್ ಆಕೆಯನ್ನು ಬಿಡುವುದಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳು ದೆಹಲಿಯ ಆದೇಶಕ್ಕೆ ಕಾಯದೆ, ಓದು ಅರ್ಧಕ್ಕೆ ನಿಂತ ತಮ್ಮ ಅಫ್ಗನ್ ವಿದ್ಯಾರ್ಥಿಗಳ ಪಟ್ಟಿಯನ್ನು ಈಗಲೇ ಸಿದ್ಧಪಡಿಸಿ ಕೇಂದ್ರಕ್ಕೆ ಕಳುಹಿಸಲಿ.