ಬೆಟ್ಟ ನೋಡಲು ಹೋದವರು ಕಂಡದ್ದು ಕಾರಿನ ಬಾಲ!

ಶನಿವಾರ ರಾತ್ರಿ ಹನ್ನೆರಡು ದಾಟಿದರೆ ಸಾಕು. ವೈಟ್‌ಫೀಲ್ಡಿನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಪೀಣ್ಯ-ದಾಸರಹಳ್ಳಿಯಿಂದ ಬೈಕುಗಳೂ ಕಾರುಗಳೂ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿಯುತ್ತವೆ. ಎಲ್ಲಿಗೆ ಸ್ವಾಮಿ ಎಂದು ಕೇಳಬೇಕಾದ್ದೇ ಇಲ್ಲ. ನಂದಿ ಬೆಟ್ಟಕ್ಕೆ! ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿಸಿದವರು, ಶಿಫ್ಟು ಮುಗಿದ ಮೇಲೂ ಕಿವಿಯಲ್ಲಿ ಮೆಷಿನ್ನಿನ ಸದ್ದು ಹೊತ್ತವರು, ಒಂದು ಬೆಳಗ್ಗೆಯಾದರೂ ಮೋಡ ನೋಡೋಣ, ತಣ್ಣನೆ ಗಾಳಿ ಕುಡಿಯೋಣ ಎಂದು ಹೊರಟರೆ ಯಾರೂ ತಪ್ಪೆನ್ನಲಾರರು. ಅರವತ್ತು ಕಿಲೋಮೀಟರ್ ದೂರದಲ್ಲಿ 4,851 ಅಡಿ ಎತ್ತರದ ಬೆಟ್ಟ ಇರುವುದು ಈ ಊರಿನವರ ಪುಣ್ಯ.

ಆದರೆ ಹೋದವರಿಗೆ ಕಾಣುವುದೇನು? ಮುಂದಿನ ಕಾರಿನ ಕೆಂಪು ದೀಪ. ಸೂರ್ಯ ಹುಟ್ಟುವುದನ್ನು ನೋಡಲು ನಿದ್ದೆಗೆಟ್ಟು ಬಂದವರು, ಸೂರ್ಯ ನೆತ್ತಿಯ ಕಡೆಗೆ ಹೊರಟಾಗ ತಿರುವು ರಸ್ತೆಯಲ್ಲಿ ಕ್ಲಚ್ ಒತ್ತಿಕೊಂಡು ನಿಂತಿರುತ್ತಾರೆ. ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಟಿಪ್ಪುವಿನ ಈ ಕೋಟೆ ಗೆಲ್ಲಲು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಾರಗಟ್ಟಲೆ ಹಿಡಿಯಿತು. ಈಗ ಒಂದೇ ಭಾನುವಾರದ ಬೆಳಗ್ಗೆ ಕೋಟೆ ಬೀಳುತ್ತದೆ!

ಗುಂಪು ಬೇರೆ, ಗಿರಾಕಿ ಬೇರೆ

ಸರ್ಕಾರದವರನ್ನು ಕೇಳಿದರೆ ಪ್ರವಾಸೋದ್ಯಮ ಬೆಳೆಯುತ್ತಿದೆ ಎನ್ನುತ್ತಾರೆ. 2024-29ರ ಪ್ರವಾಸೋದ್ಯಮ ನೀತಿ ಬಂದಿದೆ. 2025ರ ಜುಲೈ 2ರಂದು ಇಡೀ ಸಚಿವ ಸಂಪುಟವೇ ನಂದಿ ಬೆಟ್ಟ ಹತ್ತಿ ಸಭೆ ನಡೆಸಿತು. ಸಂತೋಷ. ಆದರೆ ಬೆಳವಣಿಗೆ ಅಂದರೆ ಯಾವುದು? ಗೇಟಿನಲ್ಲಿ ಹರಿದ ಟಿಕೆಟ್ಟಿನ ಲೆಕ್ಕವೇ?

ಪೀಣ್ಯ ಎರಡನೇ ಹಂತದಲ್ಲಿ ಬಾಳೆಹಣ್ಣು-ಬ್ರೆಡ್ಡು ಮಾರುವ ಸಣ್ಣ ಅಂಗಡಿಯವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಅಂಗಡಿ ಮುಂದೆ ಗುಂಪು ಸೇರಿದ ಮಾತ್ರಕ್ಕೆ ವ್ಯಾಪಾರ ಆದ ಹಾಗಲ್ಲ. ಗುಂಪಿನಲ್ಲಿ ಅರ್ಧ ಜನ ಕಾದು ಕಾದು ಬೇಸತ್ತು ಹೋಗುತ್ತಾರೆ, ಇನ್ನರ್ಧ ಜನ ಚಿಲ್ಲರೆಗೆ ಜಗಳ ಆಡುತ್ತಾರೆ. ಇವತ್ತು ಬಂದವರು ನಾಳೆಯೂ ಬಂದರೆ ಅದು ವ್ಯಾಪಾರ. ಬೆಟ್ಟದ ಲೆಕ್ಕವೂ ಇದೇ. ಒಂದು ಸಲ ಹೋಗಿ ಬಂದವರು "ಅಯ್ಯೋ, ಭಾನುವಾರ ಮಾತ್ರ ಆ ಕಡೆ ತಲೆ ಹಾಕ್ಬೇಡಿ ಮಾರಾಯ್ರೇ" ಎಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದರೆ, ಟಿಕೆಟ್ ಎಷ್ಟು ಹರಿದರೇನು, ಅಂಗಡಿ ಹೆಸರು ಕೆಟ್ಟ ಹಾಗೆಯೇ.

ಜಾಗವಾದರೂ ಎಷ್ಟಿದೆ? ತುದಿಯಲ್ಲಿ ಯೋಗ ನಂದೀಶ್ವರನ ಗುಡಿ, ಅಮೃತ ಸರೋವರ, ಟಿಪ್ಪು ಬೇಸಿಗೆ ಅರಮನೆ, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಂಡ ತಾಣ, ಒಂದಿಷ್ಟು ಮರ, ಒಂದಿಷ್ಟು ಬಂಡೆ. ಹತ್ತಲು ವಾಹನಕ್ಕೆ ಇರುವುದು ಒಂದೇ ರಸ್ತೆ, ಇಳಿಯಲೂ ಅದೇ ರಸ್ತೆ. ಎತ್ತಿನ ಗಾಡಿಗೆ ಲಾರಿ ಲೋಡು ಹಾಕಿದರೆ ಅಚ್ಚು ಮುರಿಯದೆ ಇನ್ನೇನಾದೀತು?

2021ರ ಪಾಠ

ಪಾಠ ಆಗಲೇ ಒಮ್ಮೆ ಆಗಿದೆ. 2021ರ ಆಗಸ್ಟ್ ಕೊನೆಯ ವಾರ ಒಂದು ರಾತ್ರಿ ಜೋರು ಮಳೆಗೆ ಬ್ರಹ್ಮಗಿರಿ ಇಳಿಜಾರಿನ ಮಣ್ಣು, ಬಂಡೆ ಕುಸಿದು ನಂದಿ ಬೆಟ್ಟದ ರಸ್ತೆಯೇ ಕೊಚ್ಚಿಹೋಯಿತು. ಮತ್ತೆ ಜನರಿಗೆ ಬಾಗಿಲು ತೆರೆದದ್ದು ಡಿಸೆಂಬರ್ 1ಕ್ಕೆ. ಮೂರು ತಿಂಗಳಿಗೂ ಹೆಚ್ಚು ಕಾಲ ಬೆಟ್ಟದ ತುದಿ ಖಾಲಿ. ಅದನ್ನೇ ನಂಬಿದ್ದ ಜೋಳದವರು, ಸೀಬೆಹಣ್ಣಿನವರು, ಆಟೋದವರ ಕೈಯೂ ಖಾಲಿ.

ಆ ಕುಸಿತ ಕಾರುಗಳಿಂದ ಆದದ್ದಲ್ಲ, ಮಳೆಯಿಂದ ಆದದ್ದು. ನಿಜ. ಆದರೆ ಒಂದೇ ರಸ್ತೆ, ಅದೂ ಜಾರುವ ಮಣ್ಣಿನ ಮೇಲಿನ ರಸ್ತೆ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು. ಅಂಥದೇ ಮಳೆ ಭಾನುವಾರ ಬೆಳಗ್ಗೆ, ತಿರುವುಗಳ ಉದ್ದಕ್ಕೂ ಕಾರು ನಿಂತಿರುವ ಹೊತ್ತಿನಲ್ಲಿ ಬಂದರೆ? ಆಂಬುಲೆನ್ಸ್ ಹತ್ತುವುದು ಯಾವ ದಾರಿಯಲ್ಲಿ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಯಾರಿಗೂ ಶೋಭೆಯಲ್ಲ.

ಇನ್ನೊಂದು ಮಾತು. ಅರ್ಕಾವತಿ ಹುಟ್ಟುವುದು ಈ ಬೆಟ್ಟದಲ್ಲಿ. 1894ರ ಹೆಸರಘಟ್ಟದ ನೀರು, 1933ರ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಅದರದೇ. ಕಾವೇರಿ ಬರುವ ಮೊದಲು ಬೆಂಗಳೂರು ಕುಡಿದದ್ದು ಅದನ್ನೇ. ಹೊಸಕೋಟೆ, ಕಾಡುಗೋಡಿ ಸೀಮೆಯಲ್ಲಿ ಹರಿದು ತಮಿಳುನಾಡಿಗೆ ಹೋಗುವ ದಕ್ಷಿಣ ಪಿನಾಕಿನಿಯೂ ಇದೇ ಬೆಟ್ಟಸಾಲಿನ ಮಗಳು. ಅಂದರೆ ಪೀಣ್ಯದ ಕಡೆಗೆ ಒಂದು ಹೊಳೆ, ವೈಟ್‌ಫೀಲ್ಡಿನ ಕಡೆಗೆ ಒಂದು ಹೊಳೆ ಕೊಟ್ಟ ತಾಯಿ ಬೆಟ್ಟ ಅದು. ಅದರ ನೆತ್ತಿಯ ಮೇಲೆ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಎಸೆದು ಬರುವುದೆಂದರೆ ಹಾಲು ಕುಡಿದ ಮನೆಯ ಬಾವಿಗೇ ಕಸ ಸುರಿದ ಹಾಗೆ.

ಭೂತಾನ್ ಮಾಡಿದ್ದು, ಊಟಿ ಮಾಡಿದ್ದು

1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ಏಳು ದೇಶಗಳ ನಾಯಕರ ಮಾತುಕತೆಗೆ ನಂದಿ ಬೆಟ್ಟವನ್ನು ಸಜ್ಜು ಮಾಡಿದ್ದರು. ಆ ಸಮ್ಮೇಳನಕ್ಕೆ ಬಂದವರಲ್ಲಿ ಭೂತಾನಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಕೂಡ ಒಬ್ಬರು. ಅವರದು ಪೂರ್ತಿ ಬೆಟ್ಟದ ದೇಶ. 1974ರಲ್ಲಿ ಪರದೇಶದ ಪ್ರವಾಸಿಗರಿಗೆ ಬಾಗಿಲು ತೆರೆದಾಗಿನಿಂದ ಆ ಪುಟ್ಟ ದೇಶ ಹಿಡಿದ ಹಟ ಒಂದೇ: ಜನ ಕಮ್ಮಿ ಬರಲಿ, ಬಂದವರಿಗೆ ಸೇವೆ ಚೆನ್ನಾಗಿರಲಿ, ಬೆಟ್ಟ-ಕಾಡು ಉಳಿಯಲಿ. ಒಂದು ರಾತ್ರಿ ಉಳಿಯುವ ಪರದೇಶದವರಿಂದ 2022ರಲ್ಲಿ 200 ಡಾಲರ್ ಶುಲ್ಕ ಕೇಳಿದರು. ಅತಿಯಾಯಿತು ಎನಿಸಿದಾಗ 2023ರಲ್ಲಿ 100ಕ್ಕೆ ಇಳಿಸಿದರು. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ. ದೇಶದ ನೂರಕ್ಕೆ ಅರವತ್ತು ಭಾಗ ಕಾಡು ಇರಲೇಬೇಕು ಎಂದು 2008ರ ಅವರ ಸಂವಿಧಾನದಲ್ಲೇ ಬರೆದಿದೆ.

ಹಾಗಂತ ಭೂತಾನಿನ ದರಪಟ್ಟಿ ತಂದು ನಂದಿಯ ಗೇಟಿಗೆ ನೇತುಹಾಕಿದರೆ ಅದು ಅನ್ಯಾಯ. ದರ ಏರಿಸಿದರೆ ಕಾರಿನವರು ಕೊಟ್ಟು ಹೋಗುತ್ತಾರೆ, ಬಸ್ಸಿನವರು ಕೆಳಗೇ ಉಳಿಯುತ್ತಾರೆ. ಬೆಟ್ಟ ದುಡ್ಡಿದ್ದವರ ಸೊತ್ತಲ್ಲ. ಭೂತಾನಿನಿಂದ ಕಲಿಯಬೇಕಾದ್ದು ದರವನ್ನಲ್ಲ, "ಇಷ್ಟು ಸಾಕು" ಎನ್ನುವ ಧೈರ್ಯವನ್ನು.

ಆ ಧೈರ್ಯಕ್ಕೆ ಅಷ್ಟು ದೂರ ಹೋಗಲೂ ಬೇಕಿಲ್ಲ. ಬೆಂಗಳೂರಿಗರು ಬೇಸಿಗೆ ಬಂದರೆ ಓಡುವ ಊಟಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಎಂದು ಮಿತಿಯನ್ನೂ ಹಾಕಿದರು. ಅಲ್ಲಿ ಸರ್ಕಾರಿ ಬಸ್ಸಿಗೆ ಆ ಮಿತಿ ಇಲ್ಲ ಎಂಬುದನ್ನು ಗಮನಿಸಬೇಕು. ಕರ್ನಾಟಕದಲ್ಲೇ 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ, ಅದೂ ಲೆಕ್ಕ ಹಾಕಿ ಬಿಡುವ ವ್ಯವಸ್ಥೆ ತಂದಿತು. ಅಲ್ಲಿ ಆಗುವುದಾದರೆ ರಾಜಧಾನಿಯ ಮಗ್ಗುಲಿನ ಬೆಟ್ಟಕ್ಕೆ ಯಾಕೆ ಆಗಬಾರದು?

ಮಿತಿ ಕಾರಿಗೆ, ಜನಕ್ಕಲ್ಲ

ಇಲ್ಲಿ ಒಂದು ಎಚ್ಚರ ಬೇಕು. ಮಿತಿ ಎಂದ ಕೂಡಲೇ ಅಧಿಕಾರಿಗಳಿಗೆ ಹೊಳೆಯುವುದು ಆನ್‌ಲೈನ್ ಬುಕಿಂಗ್. ಮೊಬೈಲು ಒತ್ತಿ ಒತ್ತಿ ಅಭ್ಯಾಸ ಇರುವವರು ಗುರುವಾರವೇ ಜಾಗ ಹಿಡಿದುಬಿಡುತ್ತಾರೆ. ಪೀಣ್ಯದ ಒಬ್ಬ ಲೇತ್ ಕೆಲಸಗಾರ, ಹೆಂಡತಿ, ಎರಡು ಮಕ್ಕಳು, ಊರಿಂದ ಬಂದ ಅತ್ತೆ, ಇಷ್ಟು ಜನ ಒಂದು ಭಾನುವಾರ ಬೆಟ್ಟ ನೋಡಬೇಕು ಎಂದಿಟ್ಟುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹೊರಡಲು ಮನಸ್ಸೂ ಇದೆ. ಆದರೆ ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಕೆಳಗಿಳಿದ ಮೇಲೆ ಆಟೋದವರು ಕೇಳಿದಷ್ಟು ದುಡ್ಡು. ಮೇಲೆ ಹೋಗುವಷ್ಟರಲ್ಲಿ ಅತ್ತೆಗೆ ಸುಸ್ತು, ಮಕ್ಕಳಿಗೆ ಹಸಿವು, ಶೌಚಾಲಯದ ಮುಂದೆ ಉದ್ದದ ಸಾಲು. "ಇದಕ್ಕಿಂತ ಲಾಲ್‌ಬಾಗೇ ವಾಸಿ ಕಣೇ" ಎಂದು ವಾಪಸ್.

ಈ ಸಂಸಾರ ರಸ್ತೆಯ ಮೇಲೆ ಹಿಡಿಯುವ ಜಾಗ ಎಷ್ಟು? ಬಸ್ಸಿನ ಎರಡು ಸೀಟು, ಜತೆಗೆ ಇನ್ನೆರಡು. ಒಂದು ಬಸ್ಸಿನಲ್ಲಿ ಐವತ್ತು ಜನ ಹತ್ತಿದರೆ ಹತ್ತು-ಹದಿನೈದು ಕಾರು ರಸ್ತೆಯಿಂದ ಕಮ್ಮಿಯಾಯಿತು. ಹೀಗಿರುವಾಗ ಬೆಟ್ಟ ತುಂಬಿಸುವವರಿಗೆ ದಾರಿ ಸಲೀಸು, ಬೆಟ್ಟ ಉಳಿಸುವವರಿಗೆ ಪರದಾಟ! ಇದ್ಯಾವ ನ್ಯಾಯ?

ಆಗಬೇಕಾದ್ದು ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ರಜಾ ದಿನ ಖಾಸಗಿ ವಾಹನಗಳು ಬೆಟ್ಟದ ಬುಡದಲ್ಲೇ ನಿಲ್ಲಲಿ. ಅಲ್ಲಿಂದ ಮೇಲಕ್ಕೆ ಐದು-ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು ಓಡಲಿ. ಬೆಳಗಿನ ಜಾವ ಕಾಡುಗೋಡಿಯಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಪೀಣ್ಯದಿಂದ ನೇರ ಬಸ್ಸು ಬಿಡಲಿ. ಬಸ್ ಟಿಕೆಟ್ ತೋರಿಸಿದವರಿಗೆ ಗೇಟಿನಲ್ಲಿ ಮೊದಲ ಪ್ರವೇಶ ಕೊಡಲಿ. 2023ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ವಿದ್ಯುತ್ ರೈಲು ಓಡತೊಡಗಿದಾಗ ನಂದಿ ಹಾಲ್ಟ್ ನಿಲ್ದಾಣಕ್ಕೂ ಜೀವ ಬಂತು. ಆ ರೈಲಿಗೆ ಸರಿಹೊಂದುವ ಬಸ್ಸು ನಿಲ್ದಾಣದ ಬಾಗಿಲಲ್ಲಿ ನಿಂತಿರಲಿ. ರೈಲು ಬಿಟ್ಟು ಬಸ್ಸು ಬಿಡದಿದ್ದರೆ ಎಲೆ ಹಾಕಿ ಊಟ ಬಡಿಸದ ಹಾಗೆ.

ರೋಪ್‌ವೇ ಬರುತ್ತದಲ್ಲ ಎನ್ನುವವರಿದ್ದಾರೆ. 2023ರ ಮಾರ್ಚ್ 27ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಸುಮಾರು 93 ಕೋಟಿ ರೂಪಾಯಿಯ ಯೋಜನೆ, ಮೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಬರಲಿ, ಬೇಡವೆನ್ನುವವರಿಲ್ಲ. ಆದರೆ ಹಗ್ಗದ ತೊಟ್ಟಿಲೂ ಬಂತು, ಕಾರುಗಳೂ ಹತ್ತಿದವು ಎಂದಾದರೆ ತುದಿಯಲ್ಲಿ ಜನ ಎರಡು ಪಟ್ಟು, ಇರುವ ಜಾಗ ಅಷ್ಟೇ. ರೋಪ್‌ವೇ ಕಾರಿನ ಬದಲಿಗೆ ಬರಬೇಕೇ ಹೊರತು ಕಾರಿನ ಜತೆಗಲ್ಲ.

ಅಂಗಡಿಯವರ ಭಯ

ಕಾರು ನಿಲ್ಲಿಸಿದರೆ ವ್ಯಾಪಾರ ಬೀಳುತ್ತದೆ ಎಂದು ಹೋಟೆಲಿನವರು, ತಳ್ಳುಗಾಡಿಯವರು ಹೆದರುವುದು ಸಹಜ. ಹೊಟ್ಟೆಪಾಡಿನ ಪ್ರಶ್ನೆ. ಆದರೆ ಲೆಕ್ಕ ಹಾಕಿ ನೋಡಬೇಕು. ಸಾಲಿನಲ್ಲಿ ಸಿಕ್ಕಿಕೊಂಡ ಕಾರಿನವರು ಕಿಟಕಿ ಗಾಜು ಏರಿಸಿ ಹಾರನ್ ಬಾರಿಸುತ್ತಾರೆ, ಜೋಳ ಕೊಳ್ಳುವುದಿಲ್ಲ. ಬುಡದಲ್ಲಿ ವಾಹನ ಬಿಟ್ಟು ಬಸ್ಸಿಗೆ ಕಾಯುವವರು ಕಾಫಿ ಕುಡಿಯುತ್ತಾರೆ, ಸುಟ್ಟ ಜೋಳ ತಿನ್ನುತ್ತಾರೆ, ದೇವನಹಳ್ಳಿ ಚಕ್ಕೋತ, ಚಿಕ್ಕಬಳ್ಳಾಪುರದ ದ್ರಾಕ್ಷಿ ಕಟ್ಟಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ಇರುವ ಭೋಗ ನಂದೀಶ್ವರನ ಗುಡಿಗೂ ಹೋಗಿ ಬರುತ್ತಾರೆ. ಸಾವಿರ ವರ್ಷ ದಾಟಿದ ಆ ಕಲ್ಲಿನ ಕೆಲಸವನ್ನು ನೋಡದೆ ಮೇಲೆ ಸೆಲ್ಫಿ ತೆಗೆದು ಇಳಿಯುವವರೇ ಹೆಚ್ಚು. ಬುಡದ ಮಳಿಗೆಗಳನ್ನು ಸುತ್ತಲ ಹಳ್ಳಿಯವರಿಗೇ ಕೊಡಬೇಕು, ದರಪಟ್ಟಿ ದಪ್ಪ ಅಕ್ಷರದಲ್ಲಿ ಬರೆಸಬೇಕು. ವಾರದ ನಡುವೆ ರಜೆ ಸಿಗುವ ಶಿಫ್ಟಿನವರಿಗೂ ಬಸ್ಸಿದ್ದರೆ ಭಾನುವಾರದ ಗುಂಪು ಆರು ದಿನಕ್ಕೆ ಹಂಚಿಹೋಗುತ್ತದೆ. ಒಂದು ದಿನ ನೂಕುನುಗ್ಗಲು, ಆರು ದಿನ ನೊಣ ಹೊಡೆಯುವ ವ್ಯಾಪಾರ ಯಾರಿಗೆ ಬೇಕು?

ಇನ್ನು ಟಿಕೆಟ್ ದುಡ್ಡಿನ ಲೆಕ್ಕ. ಪ್ರವೇಶಕ್ಕಿಷ್ಟು, ಪಾರ್ಕಿಂಗಿಗಿಷ್ಟು ಎಂದು ವಸೂಲಾಗುವ ಹಣದಲ್ಲಿ ಕುಡಿಯುವ ನೀರಿಗೆ ಎಷ್ಟು, ಶೌಚಾಲಯಕ್ಕೆ ಎಷ್ಟು, ಕಸ ಹೊರುವವರ ಸಂಬಳಕ್ಕೆ ಎಷ್ಟು, ಇಳಿಜಾರು ಗಟ್ಟಿ ಮಾಡಲು ಎಷ್ಟು ಎಂದು ಗೇಟಿನ ಪಕ್ಕದಲ್ಲೇ ತಿಂಗಳಿಗೊಮ್ಮೆ ಬೋರ್ಡು ಬರೆಸಲಿ. ದುಡ್ಡು ಕೊಟ್ಟವರಿಗೆ ಕೇಳುವ ಹಕ್ಕಿದೆ.

ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯದು, ಹೋಗುವ ಜನ ಬೆಂಗಳೂರಿನವರು, ಬಸ್ಸು ಒಂದು ನಿಗಮದ್ದು, ರೈಲು ದಿಲ್ಲಿಯದು. ಹೀಗೆ ನಾಲ್ಕು ಮನೆಯವರು ಸೇರಿ ಒಂದು ಹಸು ಕಟ್ಟಿದ್ದಾರೆ. ಹಾಲು ಕರೆಯಲು ಎಲ್ಲರೂ ಚೊಂಬು ಹಿಡಿದು ಬರುತ್ತಾರೆ, ಹುಲ್ಲು ಹಾಕುವವರು ಯಾರೂ ಇಲ್ಲ. ಬೆಟ್ಟದ ಹೆಸರು ನಂದಿ. ನಂದಿ ಹೊರೆ ಹೊರುತ್ತದೆ, ನಿಜ. ಆದರೆ ಮಿತಿ ಮೀರಿದರೆ ಅದೂ ಮಂಡಿಯೂರುತ್ತದೆ ಎಂದು 2021ರಲ್ಲಿ ಒಮ್ಮೆ ತೋರಿಸಿಕೊಟ್ಟಿದೆ. ಮುಂದಿನ ಮಳೆಗಾಲದೊಳಗೆ ಸಂಬಂಧಪಟ್ಟವರು ಒಂದು ಭಾನುವಾರ ಸರ್ಕಾರಿ ಕಾರು ಬಿಟ್ಟು, ಪೀಣ್ಯದಿಂದ ಬಸ್ಸಿನಲ್ಲೇ ಬೆಟ್ಟಕ್ಕೆ ಹೋಗಿ ಬರಲಿ. ಆಮೇಲೆ ಯಾವ ವರದಿಯೂ ಬೇಕಾಗುವುದಿಲ್ಲ.