ಚೀಲ ಎಣಿಸಿದ್ದು ಸಾಕು, ನೀರಿನ ಲೆಕ್ಕ ಕೇಳಿ

ಊರೊಳಗಿನ ಸಿಸಿ ರಸ್ತೆ ಎರಡು ಮಳೆಗಾಲಕ್ಕೇ ಜಲ್ಲಿ ತೋರಿಸಿದರೆ ಕಟ್ಟೆ ಮೇಲೆ ಕೂತವರೆಲ್ಲ ಹೇಳುವುದು ಒಂದೇ ಮಾತು: ಸಿಮೆಂಟ್ ತಿಂದರು. ಅದು ಅರ್ಧ ಸತ್ಯ. ಸಿಮೆಂಟ್ ಲೆಕ್ಕಕ್ಕೆ ಸರಿಯಾಗಿ ಬಿದ್ದ ರಸ್ತೆಯೂ ಹಾಳಾಗುತ್ತದೆ. ಹಾಳು ಮಾಡುವುದು ಟ್ಯಾಂಕರ್‌ನಿಂದ ಬಿಟ್ಟಿ ಸಿಗುವ ನೀರು. ಚೀಲ ಎಣಿಸಲು ಊರಿಗೆ ಊರೇ ನಿಲ್ಲುತ್ತದೆ, ಬಕೆಟ್ ಎಣಿಸುವವರು ಯಾರೂ ಇಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಮನೆ ತಾರಸಿಗೆ ಹಾಕುವ ಕಾಂಕ್ರೀಟನ್ನೇ ರಸ್ತೆಗೂ ಹಾಕಿದರೆ ನಡೆಯುವುದಿಲ್ಲ. ತಾರಸಿಯಲ್ಲಿ ಕಬ್ಬಿಣ ಇರುತ್ತದೆ, ಬಾಗುವ ಎಳೆತವನ್ನು ಅದು ಹೊರುತ್ತದೆ. ನಮ್ಮ ಊರ ರಸ್ತೆಯಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುವುದಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋದಾಗ ಬಾಗುವ ಪೆಟ್ಟನ್ನೂ, ಕೇಜ್‌ವೀಲ್ ಕೆರೆಯುವುದನ್ನೂ ಕಾಂಕ್ರೀಟ್ ಒಂದೇ ತಡೆಯಬೇಕು. ಅದಕ್ಕೇ ಹಳ್ಳಿ ರಸ್ತೆಗಳಿಗೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿದ ಮಾರ್ಗಸೂಚಿ ಕನಿಷ್ಠ ಎಂ-30 ದರ್ಜೆ ಕೇಳುತ್ತದೆ. ಅಂದರೆ 28 ದಿನದ ಬಳಿಕ ಆರಿಂಚಿನ ಕ್ಯೂಬ್ ಒಂದು ಸುಮಾರು 69 ಟನ್ ಭಾರಕ್ಕೂ ಒಡೆಯಬಾರದು.

ಈಗ ನೋಡಿ. ಐಎಸ್ 456 ಪ್ರಕಾರ, ಒಂದಕ್ಕೆ ಇಷ್ಟು ಮರಳು, ಇಷ್ಟು ಜಲ್ಲಿ ಅನ್ನುವ ಬಾಂಡ್ಲಿ ಲೆಕ್ಕ ಎಂ-20ವರೆಗೆ ಮಾತ್ರ ನಡೆಯುತ್ತದೆ. ಅದರ ಮೇಲಿನದ್ದಕ್ಕೆ ಆ ಜಲ್ಲಿ, ಆ ಎಂ-ಸ್ಯಾಂಡ್ ಪರೀಕ್ಷೆ ಮಾಡಿ ಮಿಕ್ಸ್ ಡಿಸೈನ್ ತಯಾರಿಸಲೇಬೇಕು. ಎಸ್ಟಿಮೇಟ್‌ನಲ್ಲಿ ಎಂ-30 ಬರೆದು, ಸ್ಥಳದಲ್ಲಿ ಬಾಂಡ್ಲಿ ಎಣಿಸಿ ಸುರಿದರೆ ಅದು ಎಂ-30 ಹೇಗಾಯಿತು? ಬಿಲ್ಲಿಗೆ ಸಹಿ ಹಾಕುವ ಇಂಜಿನಿಯರ್ ಹೇಳಲಿ.

ನೀರು ಹೆಚ್ಚಿದಷ್ಟೂ ಬಲ ಕಡಿಮೆ ಎಂದು ಡಫ್ ಏಬ್ರಾಮ್ಸ್ ಎಂಬ ಅಮೆರಿಕದ ಸಂಶೋಧಕ 1918ರಲ್ಲೇ ತೋರಿಸಿದ. ನೂರು ವರ್ಷ ದಾಟಿದೆ. ಇಂಥ ಕೆಲಸದಲ್ಲಿ 50 ಕೆಜಿ ಚೀಲಕ್ಕೆ 22ರಿಂದ 25 ಲೀಟರ್ ನೀರು, ಮರಳು ಹಸಿಯಾಗಿದ್ದರೆ ಅದಕ್ಕಿಂತಲೂ ಕಡಿಮೆ. ಹೆಚ್ಚುವರಿ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು ಉಳಿಯುತ್ತವೆ, ಸಿಮೆಂಟ್ ಹಾಲು ಮೇಲೆ ತೇಲಿ ಒಣಗಿ ಧೂಳಾಗುತ್ತದೆ. ಬೇಸಿಗೆಯಲ್ಲಿ ಮನೆಯೊಳಗೆ ಗುಡಿಸಿ ಗುಡಿಸಿ ಹಾಕುತ್ತೀರಲ್ಲ, ಆ ಬೂದು ಧೂಳಿನಲ್ಲಿ ನಿಮ್ಮ ರಸ್ತೆಯೂ ಸ್ವಲ್ಪ ಇದೆ.

ಇದನ್ನು ಕೇಳಿದರೆ ಓದಿದ ಗುತ್ತಿಗೆದಾರರು ಹೊಸ ಪಾಠ ಹೇಳುತ್ತಾರೆ: "ಈಗ ಹರಿಯೋ ಕಾಂಕ್ರೀಟೇ ಬಂದಿದೆ ಸಾರ್, ಗಟ್ಟಿ ಕಲಸೋ ಕಾಲ ಹೋಯ್ತು." ಬಂದಿದೆ, ನಿಜ. ಸೆಲ್ಫ್ ಕಾಂಪ್ಯಾಕ್ಟಿಂಗ್ ಕಾಂಕ್ರೀಟ್ ಅನ್ನುತ್ತಾರೆ. ಜಪಾನಿನಲ್ಲಿ ಹಜಿಮೆ ಒಕಮುರ ಮತ್ತು ಸಂಗಡಿಗರು 1988ರಲ್ಲಿ ಅದನ್ನು ಮಾಡಿ ತೋರಿಸಿದರು. ಕಬ್ಬಿಣ ಕಿಕ್ಕಿರಿದ ಕಡೆ ವೈಬ್ರೇಟರ್ ಇಲ್ಲದೆಯೇ ತಾನಾಗಿ ತುಂಬಿಕೊಳ್ಳಲಿ ಅಂತ. ಆದರೆ ಅದು ಹರಿಯುವುದು ನೀರಿನಿಂದಲ್ಲ! ಸೂಪರ್ ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕದಿಂದ, ಹಾರುಬೂದಿಯಂಥ ನುಣ್ಣನೆ ಪುಡಿಯಿಂದ. ನೀರು ಬಿಗಿ ಲೆಕ್ಕದಲ್ಲೇ ಇರುತ್ತದೆ. ಮಜ್ಜಿಗೆಗೆ ನೀರು ಬೆರೆಸಿ ಹೊಸ ತಳಿಯ ಹಾಲು ಅಂದಂತಾಯಿತು ಇವರ ವಾದ. ಕೈಯಿಂದ ಹರಡುವ ರಸ್ತೆಗೆ ಬೇಕಿರುವುದು ಗಟ್ಟಿ ಮಾಲು. ಒಂದಡಿ ಎತ್ತರದ ಸ್ಲಂಪ್ ಕೋನ್ ಎತ್ತಿದಾಗ ಒಂದರಿಂದ ಮೂರಿಂಚು ಕುಸಿದರೆ ಸರಿ, ಸಗಣಿ ನೀರಿನಂತೆ ಹರಡಿದರೆ ಕೆಲಸ ನಿಲ್ಲಿಸಬೇಕು.

ಇಲ್ಲಿ ಕೂಲಿಯವರನ್ನು ಬೈಯಬೇಡಿ. ಗಟ್ಟಿ ಮಾಲು ಎಳೆದರೆ ಸೊಂಟ ಮುರಿಯುತ್ತದೆ, ಸಂಜೆಯೊಳಗೆ ಇಷ್ಟು ಮೀಟರ್ ಮುಗಿಸಿ ಅಂದವನು ಬೇರೆಯವನು. ವೈಬ್ರೇಟರ್ ತರದೆ ಬಾಡಿಗೆ ಉಳಿಸಿಕೊಂಡವನೂ ಅವನೇ.

ಕ್ಯೂರಿಂಗ್ ಕಥೆ ಎಲ್ಲರಿಗೂ ಗೊತ್ತು. ಕಲಸುವಾಗ ಸುರಿದ ನೀರು, ಕುಡಿಸಬೇಕಾದಾಗ ಇಲ್ಲ. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆಸಿದ ಪಿಪಿಸಿ. ಅದು ನಿಧಾನವಾಗಿ ಗಟ್ಟಿಯಾಗುವ ಸಿಮೆಂಟ್, ಅದಕ್ಕೆ ಐಎಸ್ 456 ಕನಿಷ್ಠ 10 ದಿನ ಕೇಳುತ್ತದೆ. ರಸ್ತೆಗೆ 14 ದಿನ ಗೋಣಿ ಚೀಲ ಇಲ್ಲವೇ ಹುಲ್ಲು ಹಾಸಿ ಹಸಿ ಇಡಬೇಕು. ಮೂರನೇ ದಿನಕ್ಕೆ ಟ್ರ್ಯಾಕ್ಟರ್ ಬಿಡುವ ನಾವೂ ಸುಮ್ಮನಿರುವವರಲ್ಲ ಬಿಡಿ.

ಕೇಳುವ ದಾರಿ ಇದೆ. 100 ಮೀಟರ್ ಉದ್ದ, 3 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪದ ರಸ್ತೆ ಅಂದರೆ 45 ಘನ ಮೀಟರ್ ಕಾಂಕ್ರೀಟ್. ಐಎಸ್ 456 ಲೆಕ್ಕದಲ್ಲಿ ಅದಕ್ಕೆ ನಾಲ್ಕು ಸ್ಯಾಂಪಲ್, ಒಂದಕ್ಕೆ ಮೂರರಂತೆ 12 ಕ್ಯೂಬ್. ಆ 12ರ ಪರೀಕ್ಷಾ ವರದಿ, ಮಿಕ್ಸ್ ಡಿಸೈನ್, ಅಳತೆ ಪುಸ್ತಕದ ನಕಲು ಕೊಡಿ ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವೂ ಇಲ್ಲ. 2005ರ ಈ ಕಾಯ್ದೆಯ ಕಲಂ 2(ಜೆ) ಕಾಗದವನ್ನಷ್ಟೇ ಕೊಡುವುದಲ್ಲ, ಕಾಮಗಾರಿ ಪರಿಶೀಲಿಸುವ ಮತ್ತು ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಅರ್ಜಿಯಲ್ಲಿ ಆ ಕಲಂ ನಮೂದಿಸಿ, ರಸ್ತೆಯ ಮಾದರಿಯನ್ನೇ ಕೇಳಿ.