ಸೈಕಲ್ ಸವಾರರಿಗೂ ಹೊಣೆ ಇರಲಿ



ಅಪಾಯಕಾರಿ ಸೈಕಲ್ ಸವಾರಿಯಿಂದ ಸಾವು ಸಂಭವಿಸಿದರೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದೆಂಬ ಬ್ರಿಟನ್ ಸರ್ಕಾರದ 2025ರ ಪ್ರಸ್ತಾವ ಕೆಲವರಿಗೆ ಅತಿರೇಕವೆನಿಸಿದೆ. ಹಳೆಯ ಕಾನೂನನ್ನು ನೋಡಿದರೆ ಹಾಗನ್ನಿಸದು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕೇ ಇಲ್ಲದ ಸೈಕಲ್ ಬಡಿದು, ರಸ್ತೆ ದಾಟುತ್ತಿದ್ದ ಮಹಿಳೆ ತೀರಿಕೊಂಡರು. ನರಹತ್ಯೆಯ ಆರೋಪ ನಿಲ್ಲಲಿಲ್ಲ. ಸವಾರನನ್ನು ಶಿಕ್ಷಿಸಲು ನೆರವಿಗೆ ಬಂದದ್ದು ಕುದುರೆಗಾಡಿಗಳ ಕಾಲದ, 1861ರ ಕಾಯ್ದೆ. ಅದರ ಗರಿಷ್ಠ ಶಿಕ್ಷೆ 2 ವರ್ಷ, ಆತನಿಗಾದದ್ದು 18 ತಿಂಗಳು. 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಅಪಾಯಕಾರಿ ಸವಾರಿಗೆ ಇದ್ದದ್ದು ದಂಡ ಮಾತ್ರ. ಅದೇ ಸಾವು ಕಾರಿನಿಂದಾದರೆ 2022ರಿಂದ ಜೀವಾವಧಿಗೂ ಅವಕಾಶವಿದೆ. ಸತ್ತವರ ಮನೆಯವರಿಗೆ ಈ ಅಂತರವನ್ನು ಯಾವ ಬಾಯಿಂದ ವಿವರಿಸುವುದು?

ಪಾದಚಾರಿಗಳನ್ನು ಬಹುಪಾಲು ಬಲಿ ತೆಗೆದುಕೊಳ್ಳುವುದು ಮೋಟಾರು ವಾಹನಗಳೇ ಎಂಬ ಆಕ್ಷೇಪ ನಿಜ. ಆದರೆ ಅಪರೂಪವೆಂಬ ಕಾರಣಕ್ಕೆ ಅಪರಾಧವೊಂದಕ್ಕೆ ತಕ್ಕ ಕಾನೂನೇ ಇರಬಾರದೆ? ಜನ ಹೆದರಿ ಸೈಕಲ್ ಬಿಟ್ಟಾರೆಂಬ ಆತಂಕಕ್ಕೂ ಬಲವಿಲ್ಲ. ಎಚ್ಚರದ ಸವಾರನ ಮಟ್ಟಕ್ಕಿಂತ ತೀರಾ ಕೆಳಗಿಳಿದಾಗ ಮಾತ್ರ ಸವಾರಿ ಅಪಾಯಕಾರಿಯೆನಿಸುತ್ತದೆ. ಬರೀ ಅಜಾಗರೂಕತೆಯಿಂದಾದ ಸಾವಿಗೆ ಪ್ರಸ್ತಾವದಲ್ಲಿರುವುದು ಗರಿಷ್ಠ 5 ವರ್ಷ. ಇದರ ನೆಪದಲ್ಲಿ ಕಾರು ಓಡಿಸುವವರ ಮೇಲಿನ ನಿಗಾ ಮಾತ್ರ ಸಡಿಲವಾಗಕೂಡದು, ಸೈಕಲ್ ಪಥಗಳಿಗೆ ಕೊಡುವ ಹಣಕ್ಕೂ ಕತ್ತರಿ ಬೀಳಕೂಡದು.